ಧಣಿಯ ಒಳ್ಳೆಯ ಮನಸ್ಸೊಂದೇ ಸಾಕೆ?

ಸಿನಿಮಾ ಎಂದೊಡನೆ ಮೂಗು ಮುರಿಯುವ ಸಂಗಾತಿಗಳು ನಮ್ಮಲ್ಲಿ ಹಲವರಿದ್ದಾರೆ. ಅದರಲ್ಲೂ ಅಮೆರಿಕದ ಪ್ರೇಮಚಿತ್ರವೆಂದರೆ ಅದು ಉಳ್ಳವರು ಹೊತ್ತು ಕಳೆಯುವ ಆಟವೆಂದೇ ಅವರ ಅಭಿಪ್ರಾಯ. ನನ್ನದೂ ಬಹುಮಟ್ಟಿಗೆ ಅದೇ. ಆದರೆ 1940ರಲ್ಲಿ ತೆರೆಕಂಡ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಚಿತ್ರದ ವಿಷಯದಲ್ಲಿ ಹಾಗೆಂದು ಕೈತೊಳೆದುಕೊಳ್ಳಲಾರೆ. ಅದರ ನಿರ್ದೇಶಕ ಅರ್ನ್ಸ್ಟ್ ಲೂಬಿಚ್ ಬರ್ಲಿನ್ನಿನ ದರ್ಜಿಯೊಬ್ಬನ ಮಗ. ಅಂಗಡಿಯ ಒಳಗುಟ್ಟನ್ನು ಬಲ್ಲವನು.

ಕಥೆ ಚಿಕ್ಕದು. ಬುಡಾಪೆಸ್ಟ್ ನಗರದಲ್ಲಿ ಮಾತುಷೆಕ್ ಎಂಬವನ ಅಂಗಡಿ. ಅಲ್ಲಿಯ ಗುಮಾಸ್ತ ಕ್ರಾಲಿಕನೂ ಹೊಸದಾಗಿ ಸೇರಿದ ಕ್ಲಾರಾಳೂ ಹಗಲೆಲ್ಲ ಹಾವು ಮುಂಗುಸಿಯಂತೆ ಕಚ್ಚಾಡುತ್ತಾರೆ. ಅದೇ ಇಬ್ಬರು ಹೆಸರು ಮರೆಸಿಕೊಂಡು ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ. ಯಾರಿಗೆ ಬರೆಯುತ್ತಿದ್ದೇವೆಂದು ಇಬ್ಬರಿಗೂ ತಿಳಿಯದು. ಕುಣಿತವಿಲ್ಲ, ಹೊಡೆದಾಟವಿಲ್ಲ, ಚಿತ್ರವೆಲ್ಲ ಮಾತಿನ ಮೇಲೆಯೇ ನಿಂತಿದೆ.

ಆ ಮಾತು ಯಾವುದರ ಮಾತು? ಸಂಬಳದ ಮಾತು! ಮದುವೆಯ ಯೋಚನೆಯಲ್ಲಿರುವ ಕ್ರಾಲಿಕ್ ಸಂಸಾರದ ಖರ್ಚೆಷ್ಟೆಂದು ಹಿರಿಯ ಗುಮಾಸ್ತ ಪಿರೋವಿಚ್‌ನನ್ನು ಕೇಳುತ್ತಾನೆ. ಮೂರು ಕೋಣೆ ಯಾಕಯ್ಯಾ, ಊಟ ಅಡಿಗೆಮನೆಯಲ್ಲೇ ಆಗುತ್ತದೆ. ಅತಿಥಿಗಳನ್ನು ಕರೆಯಲು ನೀನೇನು ರಾಯಭಾರಿಯೇ, ನಿಜವಾದ ಸ್ನೇಹಿತ ಊಟವಾದ ಮೇಲೆ ಬರುತ್ತಾನೆ ಎಂಬರ್ಥದಲ್ಲಿ ಅವನು ಲೆಕ್ಕ ಬಿಡಿಸುತ್ತಾನೆ. ನಾವು ನಗುತ್ತೇವೆ. ನಕ್ಕ ಮೇಲೆ ನಮ್ಮ ಮನೆಯ ಲೆಕ್ಕ ನೆನಪಾಗುತ್ತದೆ. ಧಣಿ ‘ನಿಮ್ಮ ಪ್ರಾಮಾಣಿಕ ಅಭಿಪ್ರಾಯ ಹೇಳಿ’ ಎಂದೊಡನೆ ಇದೇ ಪಿರೋವಿಚ್ ಕಾಲಿಗೆ ಬುದ್ಧಿ ಹೇಳುತ್ತಾನೆ. ಹೆಂಡತಿ ಮಕ್ಕಳುಳ್ಳ ನೌಕರನ ಅಂಜಿಕೆಯನ್ನು ಇಷ್ಟು ನಗಿಸುತ್ತ, ಇಷ್ಟು ನಿಜವಾಗಿ ತೋರಿಸಿದ ಚಿತ್ರಗಳು ಅಪರೂಪ.

ಇಲ್ಲಿಯವರೆಗೆ ನನ್ನದು ಮೆಚ್ಚಿಗೆಯೇ. ತಕರಾರು ಮುಂದಿನದು. ತನ್ನ ಹೆಂಡತಿಗೂ ಕ್ರಾಲಿಕನಿಗೂ ಸಂಬಂಧವಿದೆಯೆಂದು ಶಂಕಿಸಿದ ಧಣಿ, ಕಾರಣವನ್ನೂ ಹೇಳದೆ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಜೊತೆಗಾರರು ಮರುಗುತ್ತಾರೆ, ಆದರೆ ಎದುರು ನಿಂತು ಏಕೆಂದು ಕೇಳುವವರಿಲ್ಲ. ಕೇಳಲು ಅವರಿಗೆ ಸಂಘವೆಲ್ಲಿದೆ? ಆಮೇಲೆ ತಪ್ಪಿತಸ್ಥ ಬೇರೊಬ್ಬನೆಂದು, ಧಣಿಯನ್ನು ಹೊಗಳುತ್ತಿದ್ದವನೇ ಎಂದು, ತಿಳಿಯುತ್ತದೆ. ಧಣಿ ಪಶ್ಚಾತ್ತಾಪಪಟ್ಟು ಕ್ರಾಲಿಕನನ್ನು ಮ್ಯಾನೇಜರನನ್ನಾಗಿ ಮಾಡುತ್ತಾನೆ. ಕ್ರಿಸ್‌ಮಸ್ ಮುನ್ನಾದಿನ ಭರ್ಜರಿ ವ್ಯಾಪಾರ, ಎಲ್ಲರಿಗೂ ಬೋನಸ್ಸು, ಪ್ರೇಮಿಗಳ ಮಿಲನ, ಮಂಗಳ!

ಸತ್ಯ ಹೊರಬೀಳದಿದ್ದರೆ ಕ್ರಾಲಿಕನ ಗತಿಯೇನು? ಧಣಿಯ ಮನಸ್ಸು ಕರಗದಿದ್ದರೆ? ಚಿತ್ರ ಇದನ್ನು ಕೇಳುವುದೇ ಇಲ್ಲ. ಮಾತುಷೆಕ್ ಕೆಟ್ಟವನಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಳ್ಳೆಯ ಧಣಿಗೂ ಒಂದು ಕೆಟ್ಟ ದಿನವಿರುತ್ತದೆ. ನೌಕರನ ಅನ್ನ ಆ ದಿನಕ್ಕೆ ಬಲಿಯಾಗಬಾರದು. ಅದಕ್ಕಾಗಿಯೇ ನಮ್ಮ ರಾಜ್ಯದಲ್ಲಿ 1961ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಾಯಿತು. ಆರು ತಿಂಗಳು ಸತತವಾಗಿ ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಇಲ್ಲವೆ ಸಂಬಳ ಕೊಡದೆ ತೆಗೆಯಬಾರದೆಂದು ಅದು ವಿಧಿಸುತ್ತದೆ. ಇದನ್ನು ಬಲ್ಲ ಅಂಗಡಿ ನೌಕರರು ನಮ್ಮ ಪೇಟೆಯಲ್ಲಿ ಎಷ್ಟು ಮಂದಿ?

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ಇದೇ ಕಥೆಯನ್ನು 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಎಂದು ನ್ಯೂಯಾರ್ಕಿಗೆ ಒಗ್ಗಿಸಿದರು. ಅಲ್ಲಿ ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಒಡೆಯರ ಮನೆತನದವನು. ನಾಯಕಿಯದು ತಾಯಿಯಿಂದ ಬಂದ ಪುಟ್ಟ ಅಂಗಡಿ. ಅಂಗಡಿ ಮುಚ್ಚುತ್ತದೆ, ಪ್ರೇಮ ಗೆಲ್ಲುತ್ತದೆ. ಮಾತಿನ ಚಮತ್ಕಾರಕ್ಕೆ ನಗುತ್ತಿದ್ದವರು ಮುಚ್ಚಿದ ಬಾಗಿಲನ್ನು ಮರೆತೇ ಮನೆಗೆ ಹೋಗುತ್ತಾರೆ. 1940ರಲ್ಲಿ ಅನ್ಯಾಯ ಸರಿಪಡಿಸಲು ಧಣಿಯ ಕಣ್ಣೀರಾದರೂ ಬೇಕಾಗಿತ್ತು; 1998ರಲ್ಲಿ ಮುಗುಳ್ನಗೆಯೇ ಸಾಕಾಯಿತು.

ಹಳೆಯ ಚಿತ್ರವನ್ನು ಅವಶ್ಯವಾಗಿ ನೋಡಿ, ಮನಸಾರೆ ನಗಿರಿ. ಆದರೆ ಪಿರೋವಿಚ್ ಓಡಿಹೋಗುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವನು ನಿಂತು ಉತ್ತರ ಹೇಳಬೇಕಾದರೆ ಅವನ ಪಕ್ಕದಲ್ಲಿ ಎಷ್ಟು ಜನ ನಿಲ್ಲಬೇಕು?