‘ಕರಗಿಸುವುದು’ ಎಂಬ ತಪ್ಪು ಕ್ರಿಯಾಪದ

ಲಿಪೊಸಕ್ಷನ್ ಬಗ್ಗೆ ಕನ್ನಡದ ಸುದ್ದಿಗಳಲ್ಲಿ, ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆ’. ನನ್ನ ತಕರಾರು ಆ ಕ್ರಿಯಾಪದದ ಮೇಲೆ. ಬೆಲ್ಲ ಕರಗುತ್ತದೆ, ಬೆಣ್ಣೆ ಕರಗುತ್ತದೆ, ಕೆಲವೊಮ್ಮೆ ಮನಸ್ಸೂ ಕರಗುತ್ತದೆ. ಕರಗುವುದರಲ್ಲಿ ನೋವಿಲ್ಲ, ರಕ್ತವಿಲ್ಲ. ಲಿಪೊಸಕ್ಷನ್‌ನಲ್ಲಿ ಆಗುವುದೇ ಬೇರೆ. ಲವಣದ ನೀರಿಗೆ ಲಿಡೊಕೇನ್, ಅಡ್ರಿನಲಿನ್ ಬೆರೆಸಿ ಚರ್ಮದ ಕೆಳಗೆ ತುಂಬುತ್ತಾರೆ. ಸಣ್ಣ ರಂಧ್ರಗಳ ಮೂಲಕ ಟೊಳ್ಳು ಕೊಳವೆ ತೂರಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸಿ, ಸಡಿಲವಾದ ಕೊಬ್ಬನ್ನು ಯಂತ್ರದಿಂದ ಹೀರಿ ಹೊರತೆಗೆಯುತ್ತಾರೆ. ಮೊದಲು ಲೇಸರ್ ಅಥವಾ ಅಲ್ಟ್ರಾಸೌಂಡ್ ಬಳಸುವ ವಿಧಾನಗಳಿವೆ. ಅಲ್ಲೂ ಸಾಮಾನ್ಯವಾಗಿ ಕೊನೆಯ ಕೆಲಸ ಕೊಳವೆಯದೇ. ಹೆಸರಿನಲ್ಲಿರುವ ‘ಸಕ್ಷನ್’ ಪ್ರಾಮಾಣಿಕ ಪದ. ಕನ್ನಡಕ್ಕೆ ಬರುವಾಗ ನಾವು ಆ ಪ್ರಾಮಾಣಿಕತೆಯನ್ನೇ ಹೀರಿ ತೆಗೆದಿದ್ದೇವೆ.

ಅನುವಾದ ನನ್ನ ಹೊಟ್ಟೆಪಾಡು. ಒಂದು ಕ್ಲಿನಿಕ್‌ನ ಕರಪತ್ರದಲ್ಲಿ ‘ಹೀರಿ ತೆಗೆಯುವ’ ಎಂದು ಬರೆದು ಕಳಿಸಿದ್ದೆ. ‘ಕೇಳೋಕೆ ಒಂಥರಾ ಇದೆ ಮೇಡಂ, ಕರಗಿಸುವ ಅಂತಲೇ ಹಾಕಿ’ ಎಂದು ವಾಪಸ್ ಬಂತು. ಕೇಳಲು ಒಂಥರಾ ಇರಬೇಕಾದ ವಿಷಯ ಒಂಥರಾ ಕೇಳಿಸಿದರೆ ತಪ್ಪೇನು? ಓದುವವರು ಅಲ್ಲಿ ಒಂದು ಕ್ಷಣ ನಿಂತರೆ ಅವರಿಗೇ ಒಳ್ಳೆಯದು.

ಪದ ಸಡಿಲಾದರೆ ನಿರೀಕ್ಷೆಯೂ ಸಡಿಲಾಗುತ್ತದೆ. ಮೊದಲ ತಪ್ಪು ನಿರೀಕ್ಷೆ ತೂಕದ್ದು. ‘ಸಣ್ಣ ಆಗೋ ಆಪರೇಷನ್’ ಎಂದು ನಮ್ಮ ಜನ ಇದನ್ನು ಕರೆಯುತ್ತಾರೆ. ಆದರೆ ಇದು ಆಕಾರ ತಿದ್ದುವ ಕೆಲಸ. ವ್ಯಾಯಾಮ, ಪಥ್ಯಕ್ಕೆ ಜಗ್ಗದ ಒಂದೆರಡು ಕಡೆಯ ಕೊಬ್ಬಿಗೆ ಸರಿಹೊಂದುತ್ತದೆ. ಒಂದು ಸಲಕ್ಕೆ ಐದು ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣವೆಂದೇ ಪರಿಗಣಿಸಿ ಆಸ್ಪತ್ರೆಯಲ್ಲಿ ನಿಗಾ ಇಡಬೇಕಾಗುತ್ತದೆ. ಆ ಐದು ಲೀಟರ್‌ನಲ್ಲಿ ಒಳಗೆ ಬಿಟ್ಟ ದ್ರವವೂ ಸೇರಿರುತ್ತದೆ. ಹೀರಲು ಸಿಗುವುದು ಚರ್ಮದಡಿಯ ಕೊಬ್ಬು ಮಾತ್ರ. ಕರುಳು, ಯಕೃತ್ತಿನ ಸುತ್ತ ಕೂತು ಸಕ್ಕರೆ ಕಾಯಿಲೆಗೆ ದಾರಿ ಮಾಡುವ ಕೊಬ್ಬು ಇದ್ದಲ್ಲೇ ಇರುತ್ತದೆ. 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಬೊಜ್ಜಿದ್ದ 15 ಮಹಿಳೆಯರಿಂದ ಸರಾಸರಿ ಹತ್ತು ಕೆ.ಜಿ. ಆಸುಪಾಸಿನ ಕೊಬ್ಬು ತೆಗೆದು, 10ರಿಂದ 12 ವಾರಗಳ ನಂತರ ಪರೀಕ್ಷಿಸಿದರೆ ಇನ್ಸುಲಿನ್‌ನ ಕೆಲಸ, ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದೂ ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಅಧ್ಯಯನ ಚಿಕ್ಕದು. ಆದರೆ ಆರೋಗ್ಯಕ್ಕಾಗಿ ಇದನ್ನು ಮಾಡಿಸಿಕೊಳ್ಳುತ್ತೇನೆ ಎನ್ನುವವರು ಓದಲೇಬೇಕಾದದ್ದು.

ಎರಡನೆಯದು ಸಮಯದ ನಿರೀಕ್ಷೆ. ಮೊದಲ ಒಂದೆರಡು ದಿನ ರಂಧ್ರಗಳಿಂದ ರಕ್ತಬೆರೆತ ನೀರು ಜಿನುಗುತ್ತದೆ. ಹಾಸಿಗೆಗೆ ಹಳೆಯ ಬೆಡ್‌ಶೀಟ್ ಹಾಸಿಕೊಳ್ಳಬೇಕು. ಮೈ ನೀಲಿಗಟ್ಟುತ್ತದೆ, ಆ ಕಲೆ ಮಾಯಲು ಎರಡು ಮೂರು ವಾರ ಬೇಕು. ಬಿಗಿಯಾದ ಕಂಪ್ರೆಷನ್ ಬಟ್ಟೆಯನ್ನು ಕೆಲವು ವಾರ ಹೆಚ್ಚುಕಡಿಮೆ ಹಗಲೂ ರಾತ್ರಿ ತೊಟ್ಟಿರಬೇಕು. ಚೆನ್ನೈ, ಮುಂಬೈ ಸೆಕೆಯಲ್ಲಿ ಅದೇ ಒಂದು ಶಿಕ್ಷೆ. ಊತದಿಂದಾಗಿ ಆರಂಭದಲ್ಲಿ ತಕ್ಕಡಿಯ ಮುಳ್ಳು ಮೇಲಕ್ಕೇ ಹೋಗಬಹುದು. ಕೆಲವು ಕಡೆ ಮರಗಟ್ಟಿದಂತೆ, ಕೆಲವು ಕಡೆ ಗಂಟುಗಂಟಾದಂತೆ ತಿಂಗಳುಗಟ್ಟಲೆ ಇರಬಹುದು. ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು. ಮದುವೆಗೆ ಇನ್ನೊಂದು ತಿಂಗಳಿದೆ ಎಂದು ಮಾಡಿಸಿಕೊಂಡವರು ಮಂಟಪದಲ್ಲಿ ಊತದೊಂದಿಗೇ ನಿಲ್ಲಬೇಕಾದೀತು. ಹೀರಿ ತೆಗೆದ ಕೊಬ್ಬಿನ ಕೋಶ ಮರಳಿ ಬರುವುದಿಲ್ಲ, ನಿಜ. ಉಳಿದ ಕೋಶಗಳು ದಪ್ಪಗಾಗುವುದನ್ನು ಯಾರೂ ತಡೆಯಲಾರರು. ಜೋತ ಚರ್ಮವೂ ತಾನಾಗಿ ಬಿಗಿಯಾಗುವುದಿಲ್ಲ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲು ಇಷ್ಟಪಡುವುದಿಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ವಯಸ್ಸು 21. ಆ ದಿನ ‘ಈ ವಯಸ್ಸಿಗೆ ಇವೆಲ್ಲ ಬೇಕಿತ್ತಾ’ ಎಂದವರೇ ಹೆಚ್ಚು. ಕೊಬ್ಬು ಎಂಬ ಪದಕ್ಕೆ ಕನ್ನಡದಲ್ಲಿ ಸೊಕ್ಕು ಎಂಬ ಅರ್ಥವೂ ಇದೆ. ದಪ್ಪ ಇದ್ದರೆ ಒಂದು ಮಾತು, ತೆಗೆಸಲು ಹೋದರೆ ಇನ್ನೊಂದು ಮಾತು. ಮೈ ಬಗ್ಗೆ ದಿನವೂ ಟೀಕೆ ಮಾಡುವ ಬಾಯಿಗಳೇ ಕೊನೆಗೆ ತೀರ್ಪನ್ನೂ ಕೊಡುತ್ತವೆ. ಹಾಗಾಗಿ ಮಾಡಿಸಿಕೊಳ್ಳುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಕೈಯಲ್ಲಿ, ಸರಿಯಾದ ಜಾಗದಲ್ಲಿ, ಆರೋಗ್ಯವಂತರಿಗೆ ಈ ಚಿಕಿತ್ಸೆಯಿಂದ ಸಾವು ಅಪರೂಪ. ಆದರೂ ರಕ್ತನಾಳಕ್ಕೆ ಕೊಬ್ಬಿನ ಕಣ ಸೇರುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಅತಿಯಾದ ಲಿಡೊಕೇನ್ ವಿಷವಾಗುವುದು, ಕೊಳವೆ ತಗುಲಿ ಒಳಗಿನ ಅಂಗಕ್ಕೆ ಗಾಯವಾಗುವುದು ವೈದ್ಯಕೀಯ ಪುಸ್ತಕಗಳಲ್ಲಿ ದಾಖಲಾಗಿರುವ ಅಪಾಯಗಳು. ಆಪರೇಷನ್ ನಂತರ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿಕೊಂಡರೆ, ಮಾತು ಗೊಂದಲವಾದರೆ ಬೆಳಗಾಗಲಿ ಎಂದು ಕಾಯಬಾರದು.

ಇದೆಲ್ಲ ಒಪ್ಪಿಗೆ ಪತ್ರದಲ್ಲಿ ಇರುತ್ತದೆ, ಇಂಗ್ಲಿಷಿನಲ್ಲಿ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರ್ಯಾಯ, ಅಪಾಯಗಳ ಬಗ್ಗೆ ಸಾಕಷ್ಟು ಮಾಹಿತಿ ಪಡೆದು ಕೊಟ್ಟ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದಿದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಮಗೆ ಕನ್ನಡದ ಪತ್ರ ಸಿಗುವುದು ಕಷ್ಟ. ಆಫೀಸಿನ ಇಂಗ್ಲಿಷ್ ಬರುತ್ತದೆ ಎಂದ ಮಾತ್ರಕ್ಕೆ ‘ಎಂಬಾಲಿಸಂ’ ಅರ್ಥವಾಗಿದೆ ಎಂದಾಗುವುದಿಲ್ಲ. ಪತ್ರವನ್ನು ಮನೆಗೆ ತನ್ನಿ. ಅದರಲ್ಲಿರುವುದನ್ನು ನಿಮ್ಮ ಅಮ್ಮನಿಗೋ ಅಕ್ಕನಿಗೋ ಕನ್ನಡದಲ್ಲಿ ಹೇಳಿ ನೋಡಿ. ಹೇಳುವಾಗ ಎಲ್ಲಿ ತಡವರಿಸುತ್ತೀರೋ ಅದೇ ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ.

ಅದರ ಜೊತೆಗೆ ಇನ್ನು ಮೂರು: ಕತ್ತರಿ ಹಿಡಿಯುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ? ಅರಿವಳಿಕೆ ತಜ್ಞರು ಕೊನೆಯವರೆಗೂ ಪಕ್ಕದಲ್ಲಿರುತ್ತಾರೆಯೇ? ಏನಾದರೂ ಹೆಚ್ಚುಕಡಿಮೆಯಾದರೆ ಐಸಿಯು ಎಷ್ಟು ದೂರ? ಉತ್ತರಿಸಲು ಬೇಸರಪಡುವ ಜಾಗದಿಂದ, ಮುಂಗಡ ಕಟ್ಟಿದ್ದರೂ, ಎದ್ದು ಬನ್ನಿ.