ಮೊದಲು ಕಾಡತೂಸು, ಆಮೇಲೆ ಕೋವಿ

ನಮ್ಮ ಸೇನೆಯ ಸ್ನೈಪರ್‌ಗಳಿಗೆ ಯಾವ ಕೋವಿ ಕೊಡಬೇಕು ಎಂಬ ಜಗಳ ವರ್ಷಗಳಿಂದ ನಡೆದೇ ಇದೆ. ಅಮೆರಿಕದ್ದು ಒಳ್ಳೆಯದೋ, ಇಟಲಿಯದೋ, ಫಿನ್ಲೆಂಡಿನದೋ, ಬೆಂಗಳೂರಿನದೋ ಎಂದು ಟಿವಿಯಲ್ಲಿ ಕೂತವರು ಗಂಟಲು ಹರಿದುಕೊಳ್ಳುತ್ತಾರೆ. ಅದಕ್ಕೆ ತುಂಬುವ ಕಾಡತೂಸನ್ನು ಯಾರು, ಎಲ್ಲಿ, ಎಷ್ಟು ಕರಾರುವಾಕ್ಕಾಗಿ ಮಾಡುತ್ತಾರೆ ಎಂದು ಕೇಳುವವರು ಮಾತ್ರ ಕಡಿಮೆ. ಡೊಂಬಿವಲಿ, ಕಲ್ಯಾಣದ ನಾವು ಈ ಪ್ರಶ್ನೆ ಕೇಳಲೇಬೇಕು. ಕಲ್ಯಾಣ ದಾಟಿದ ಮೇಲೆ ಮೂರನೇ ಸ್ಟೇಷನ್ನೇ ಅಂಬರನಾಥ. ಹಿತ್ತಾಳೆ, ಅಲ್ಯೂಮಿನಿಯಂ ಕೆಲಸದಲ್ಲಿ ಪಳಗಿದ ಆರ್ಡ್ನೆನ್ಸ್ ಫ್ಯಾಕ್ಟರಿ ಇರುವುದು ಅಲ್ಲೇ.

ಇತಿಹಾಸ ನೋಡಿ. ಸೇನೆಯ ಕೈಯಲ್ಲಿ ದಶಕಗಳಿಂದ ಇದ್ದದ್ದು ಸೋವಿಯತ್ ಕಾಲದ ಡ್ರಗುನೋವ್. ಅದರ 7.62×54 ಕಾಡತೂಸು ಹುಟ್ಟಿದ್ದು 1891ರ ರಷ್ಯಾದಲ್ಲಿ. ಸುಮಾರು 800 ಮೀಟರ್ ದಾಟಿದರೆ ಅದನ್ನು ನಂಬುವುದು ಕಷ್ಟ. 2018ರಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ನಮ್ಮ ಯೋಧರು ಆಚೆಯ ಸ್ನೈಪರ್‌ಗಳಿಗೆ ಬಲಿಯಾದಾಗ ಎಲ್ಲರಿಗೂ ಎಚ್ಚರವಾಯಿತು. ಅದೇ ವರ್ಷ .338 ಲಾಪುವಾ ಮ್ಯಾಗ್ನಮ್ ಕ್ಯಾಲಿಬರಿನ 5,719 ಕೋವಿ ಮತ್ತು 1.02 ಕೋಟಿ ಕಾಡತೂಸಿಗೆ ಟೆಂಡರ್ ಕರೆದರು. ಮರುವರ್ಷ ಅದನ್ನು ಹಿಂತೆಗೆದುಕೊಂಡರು. ಬಂದ ಕಂಪನಿಗಳು ಮುಖ್ಯವಾಗಿ ಎಡವಿದ್ದು ಕಾಡತೂಸಿನ ಷರತ್ತುಗಳಲ್ಲಿ. ಆ ನಡುವೆ ಉತ್ತರ ಕಮಾಂಡ್ ಇಟಲಿಯ ಬೆರೆಟ್ಟಾ, ಅಮೆರಿಕದ ಬ್ಯಾರೆಟ್ ಕೋವಿಗಳನ್ನು ಸ್ವಲ್ಪ ಸ್ವಲ್ಪ ಕೊಂಡಿತು. ಆಮೇಲೆ ಫಿನ್ಲೆಂಡಿನ ಸಾಕೋ ಬಂತು. ಒಲೆ ಕೊಂಡ ಮೇಲೆ ಸೌದೆಗೆ ಅಲೆಯುವವರ ಸಂಸಾರ ಇದು.

2023ರಲ್ಲಿ ಮತ್ತೆ ಟೆಂಡರ್ ಬಂತು: 4,849 ಕೋವಿ, 78 ಲಕ್ಷ ಕಾಡತೂಸು. ಭಾಗಿಸಿದರೆ ಕೋವಿಯೊಂದಕ್ಕೆ ಸುಮಾರು 1,600 ಸುತ್ತು. ಸ್ನೈಪರ್ ಆದವನು ದಿನನಿತ್ಯ ಗುಂಡು ಹಾರಿಸಿಯೇ ಕೈ ಪಳಗಿಸಿಕೊಳ್ಳಬೇಕು. ಯುದ್ಧಕ್ಕೆ ಎತ್ತಿಡುವ ದಾಸ್ತಾನೂ ಇದರಲ್ಲೇ ಬರಬೇಕೆಂದರೆ ಅಭ್ಯಾಸಕ್ಕೆ ಉಳಿಯುವುದೆಷ್ಟು? ಮುಗಿದ ಮೇಲೆ ಯಾರ ಬಾಗಿಲು ತಟ್ಟುವುದು?

ಸಾಮಾನ್ಯ ಗುಂಡಿಗೂ ಸ್ನೈಪರ್ ಗುಂಡಿಗೂ ಇರುವ ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ. ಪ್ರತಿ ಕಾಡತೂಸಿನ ಮದ್ದು, ಗುಂಡಿನ ತೂಕ, ಕವಚದ ಕುತ್ತಿಗೆಯ ದಪ್ಪ ಒಂದೇ ಸಮ ಇರಬೇಕು. ಹೊರಡುವ ವೇಗ ಸೆಕೆಂಡಿಗೆ ಹತ್ತು ಮೀಟರ್ ಹೆಚ್ಚುಕಮ್ಮಿಯಾದರೂ 1,200 ಮೀಟರ್ ದೂರದಲ್ಲಿ ಗುಂಡು ಗೇಣಿಗಿಂತ ಹೆಚ್ಚು ಮೇಲೆ ಕೆಳಗೆ ಬೀಳುತ್ತದೆ. ಲಡಾಖಿನ ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ, ರಾಜಸ್ಥಾನದ ಬಿಸಿಲಲ್ಲಿ ಒತ್ತಡ ಏರುತ್ತದೆ. ಅತ್ಯುತ್ತಮ ಕೋವಿಗೂ ಈ ತಪ್ಪನ್ನು ತಿದ್ದಲಾಗದು.

ಹಾಗಾದರೆ ಯಾವ ಕಾಡತೂಸು? ಮಾಮೂಲಿ 7.62×51 ಸಾಕು, ಎತ್ತರದ ತೆಳು ಗಾಳಿಯಲ್ಲಿ ಅದೂ ದೂರ ಹೋಗುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ, ಎಂಟುನೂರು ಮೀಟರಿನೊಳಗಿನ ಕೆಲಸಕ್ಕೆ ಅದೇ ಇರಲಿ. ಸಿಗ್ 716, ನೆಗೆವ್ ಮೆಷಿನ್ ಗನ್‌ಗಳಿಗೂ ಇದೇ ಕ್ಯಾಲಿಬರ್ ಸಲ್ಲುವುದರಿಂದ ಮೂಲ ತಯಾರಿಕೆ ಹಂಚಿಹೋಗುವುದಿಲ್ಲ. ಅದಕ್ಕಿಂತ ದೂರಕ್ಕೆ .338 ಬೇಕೇ ಬೇಕು. ಅಮೆರಿಕ .300 ನಾರ್ಮಾಗೆ ಹೊರಳಿತು, ನಾವೂ ಹೊರಳೋಣ ಎಂಬ ಕೂಗಿಗೆ ಕಿವಿಗೊಡಬಾರದು. ಹತ್ತು ವರ್ಷಕ್ಕೊಂದು ಕ್ಯಾಲಿಬರ್ ಬದಲಿಸಲು ಅವರಿಗೆ ಕಾರ್ಖಾನೆಗಳಿವೆ, ನಮಗಿಲ್ಲ. ಎರಡೇ ಕಾಡತೂಸು ಆರಿಸಿ, ಇಪ್ಪತ್ತು ವರ್ಷ ಅದಕ್ಕೇ ಅಂಟಿಕೊಳ್ಳಬೇಕು. ಡ್ರಗುನೋವಿಗೆ ಗೌರವದಿಂದ ವಿದಾಯ ಹೇಳಬೇಕು.

ಇಲ್ಲಿ ಅಂಬರನಾಥದ ಮಾತು ಬರುತ್ತದೆ. 2021ರ ಅಕ್ಟೋಬರ್ 1ರಂದು ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಮುಚ್ಚಿ ಏಳು ಕಂಪನಿ ಮಾಡಿದರು. ಲೋಹ ಸಂಭಾಳಿಸುವ ಅಂಬರನಾಥ ನಾಗಪುರದ ಯಂತ್ರ ಇಂಡಿಯಾಕ್ಕೆ ಹೋಯಿತು; ಕಾಡತೂಸು ಮಾಡುವ ಖಡಕಿ, ವರಣಗಾಂವ್ ಕಾರ್ಖಾನೆಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾಕ್ಕೆ. ಒಂದೇ ಕಾಡತೂಸಿನ ಲೋಹ ಒಂದು ಲೆಕ್ಕಪುಸ್ತಕದಲ್ಲಿ, ಮದ್ದು ಇನ್ನೊಂದರಲ್ಲಿ! ಕವಚದಲ್ಲಿ ಕೂದಲೆಳೆಯ ದೋಷ ಬಂದರೆ ಜವಾಬ್ದಾರಿ ಯಾರದು? ಇದನ್ನು ಸುಧಾರಣೆ ಎಂದು ಕರೆದವರು ಉತ್ತರಿಸಬೇಕು.

ಕಾರ್ಮಿಕ ಸಂಘಟನೆಗಳಿಗೂ ಒಂದು ಮಾತಿದೆ. ಮುಷ್ಕರದ ಹಕ್ಕನ್ನು ಸುಗ್ರೀವಾಜ್ಞೆ ತಂದು, ಆಮೇಲೆ ಕಾಯಿದೆ ಮಾಡಿ ಕಿತ್ತುಕೊಂಡದ್ದು ಅನ್ಯಾಯ. ಆದರೆ ಹಳೇ ಬೋರ್ಡಿನ ಕಾಲ ಬಂಗಾರದ್ದಾಗಿರಲಿಲ್ಲ. 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆಗಳ ದಾಸ್ತಾನು ತೀವ್ರ ಯುದ್ಧದಲ್ಲಿ ಹತ್ತು ದಿನಕ್ಕೂ ಸಾಲದು ಎಂದು 2017ರಲ್ಲಿ ಸಿಎಜಿ ಹೇಳಿತ್ತು. ಕೆಲಸ ಉಳಿಸಿ ಎಂದರೆ ಸಾಲದು. ನಮ್ಮ ಗುಂಡು ಗುರಿ ಮುಟ್ಟುತ್ತದೆ ಎಂದು ತೋರಿಸಲೂಬೇಕು.

ಅದಕ್ಕೆ ದಾರಿ ಕಷ್ಟದ್ದಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ತನ್ನ .338 ಸೇಬರ್ ಕೋವಿಗೆ ಹೊರದೇಶದಿಂದ ಆರ್ಡರ್ ಪಡೆದಿದೆ. ಕಾನ್ಪುರದಲ್ಲಿ ಅದಾನಿ ಸಮೂಹದ ಮದ್ದುಗುಂಡು ಕಾರ್ಖಾನೆ 2024ರಲ್ಲಿ ಶುರುವಾಗಿದೆ. ಸರ್ಕಾರಿ, ಖಾಸಗಿ ಎರಡೂ ಕಡೆಯ ಕಾಡತೂಸುಗಳನ್ನು ಒಂದೇ ಮೈದಾನದಲ್ಲಿ, ಚಳಿಯಲ್ಲೂ ಬಿಸಿಲಲ್ಲೂ ಹಾರಿಸಿ ನೋಡಲಿ. ಪ್ರತಿ ತಂಡದ ಫಲಿತಾಂಶವನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದಿಡಲಿ. ಗೆದ್ದವರಿಗೆ ದೀರ್ಘ ಕಾಲದ ಆರ್ಡರ್ ಸಿಗಲಿ. ಹಾಗಿದ್ದರೆ ಮಾತ್ರ ಹೊಸ ಯಂತ್ರಕ್ಕೆ ಯಾರಾದರೂ ಹಣ ಹಾಕುತ್ತಾರೆ. ಅಂಬರನಾಥ ಗೆದ್ದರೆ ನಮಗೆ ಹೆಮ್ಮೆ, ಸೋತರೆ ಏಕೆ ಸೋತಿತು ಎಂಬ ಲೆಕ್ಕ ಬೇಕು. ಕೋವಿಯ ಟೆಂಡರನ್ನು ಅದಾದ ಮೇಲೆ, ಆ ಕಾಡತೂಸನ್ನೇ ತುಂಬಿ ಪರೀಕ್ಷಿಸಿ ಮುಗಿಸಲಿ. ಈ ಕ್ರಮ ತಲೆಕೆಳಗಾದಷ್ಟು ದಿನ ನಾವು ವಿದೇಶಿ ಗುಂಡಿನ ಗಿರಾಕಿಗಳಾಗಿಯೇ ಇರುತ್ತೇವೆ, ಕೋವಿಯ ಮೇಲೆ ಯಾರ ಮುದ್ರೆ ಇದ್ದರೂ.