ಬೆಂಗಳೂರಿನ ಪೌರರೂ ಮತದಾನವೂ

2024ನೆಯ ಇಸವಿ ಏಪ್ರಿಲ್ 26ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾರರು ನೂರಕ್ಕೆ 81ಕ್ಕೂ ಮಿಕ್ಕಿ ಮತ ಕೊಟ್ಟರು. ಅದೇ ದಿನ ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರ ಎಂಬ ಮೂರು ಕ್ಷೇತ್ರಗಳಲ್ಲಿ ನೂರಕ್ಕೆ 55 ಮಂದಿಯೂ ಮತಗಟ್ಟೆಗೆ ಬರಲಿಲ್ಲ. ಹೊಲದ ಕೆಲಸ ಬಿಟ್ಟು ರೈತನು ಬಂದನು. ಸಂಬಳಸಹಿತ ರಜೆ ಪಡೆದ ವಿದ್ಯಾವಂತನು ಬರಲಿಲ್ಲ. ಇದು ರಾಜಧಾನಿಗೆ ಶೋಭೆ ತರುವ ಸಂಗತಿಯಲ್ಲ.

ಇದಕ್ಕೆಲ್ಲ ಪೌರರ ಆಲಸ್ಯವೊಂದೇ ಕಾರಣವೆನ್ನುವುದು ವಾಡಿಕೆ. ಆಲಸ್ಯವಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದು ಮತದಾರರ ಪಟ್ಟಿ. ಬಾಡಿಗೆಯ ಮನೆ ಬದಲಾದರೂ ಹೆಸರು ಹಳೆಯ ಬೀದಿಯಲ್ಲಿಯೇ ಉಳಿಯುತ್ತದೆ. 1950ರ ಕಾಯಿದೆಗೆ ವಿರುದ್ಧವಾಗಿ ಊರಿನಲ್ಲೊಂದು, ಇಲ್ಲೊಂದು ಹೆಸರಿಟ್ಟುಕೊಂಡವರೂ ಉಂಟು. ಪಟ್ಟಿಯು ಉಬ್ಬಿದಷ್ಟೂ ಮತದಾನದ ಪ್ರಮಾಣವು ಕುಗ್ಗಿ ಕಾಣುವುದು ಸಹಜ.

ಎರಡನೆಯದು ಇದಕ್ಕಿಂತ ಗಂಭೀರವಾದುದು. ರಸ್ತೆ, ಚರಂಡಿ, ಕಸ ಇವು ಪೌರನ ನಿತ್ಯದ ಸಂಕಟಗಳು. ಇವನ್ನು ನೋಡಿಕೊಳ್ಳತಕ್ಕುದು ಪಾಲಿಕೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆ ನಡೆದು, 2020ರ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗತಕ್ಕದ್ದೆಂದು ಸಂವಿಧಾನವು ವಿಧಿಸಿದೆ. ಆದರೂ ವಾರ್ಡುಗಳ ವಿಂಗಡಣೆ, ಮೀಸಲಾತಿ, ವ್ಯಾಜ್ಯ ಎನ್ನುತ್ತ ಐದು ವರ್ಷಗಳು ಸಂದುಹೋದವು. 2023ರಲ್ಲಿ ಆಳುವ ಪಕ್ಷ ಬದಲಾಯಿತು, ಚಾಳಿ ಬದಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯು ಐದಾಗಿ ಒಡೆದಾಗಲೂ ಅವು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿಯೇ ಆರಂಭವಾದವು. ಮನೆಬಾಗಿಲಿನ ಚರಂಡಿಗೂ ಮತಕ್ಕೂ ಸಂಬಂಧವಿಲ್ಲವೆಂದು ಇಷ್ಟು ಕಾಲ ಕಲಿಸಿದವರು, ದಿಲ್ಲಿಯ ಚುನಾವಣೆ ಬಂದಾಗ ಮಾತ್ರ ಮತದಾನವು ಪವಿತ್ರ ಕರ್ತವ್ಯವೆಂದು ಬೋಧಿಸಿದರೆ ಪೌರನು ನಂಬುವುದೆಂತು?

ಹಾಗೆಂದ ಮಾತ್ರಕ್ಕೆ ಆಳುವವರ ತಪ್ಪು ಪೌರನ ಮೌನಕ್ಕೆ ಸಮಾಧಾನವಾಗಲಾರದು. ಅರ್ಧದಷ್ಟು ಜನ ಮತವನ್ನೇ ಕೊಡದ ನಗರಕ್ಕೆ ಯಾವ ಮಂತ್ರಿ ಅಂಜಿಯಾನು? ಇಲ್ಲಿ ಚುನಾವಣೆಯನ್ನು ಮುಂದೂಡುವುದು ಸುಲಭವಾದದ್ದೇ ಆ ಕಾರಣದಿಂದ.

ಆದುದರಿಂದ ನಮ್ಮ ವಾಚಕರು ಚುನಾವಣೆ ಬರುವವರೆಗೆ ಕಾಯದೆ ಪಟ್ಟಿಯಲ್ಲಿ ತಮ್ಮ ಹೆಸರನ್ನು ನೋಡಿಕೊಳ್ಳಲಿ. ಮನೆ ಬದಲಾಗಿದ್ದರೆ 8ನೆಯ ನಮೂನೆಯನ್ನು, ಹೊಸ ಮತದಾರರಾದರೆ 6ನೆಯ ನಮೂನೆಯನ್ನು ತುಂಬಿ ಕೊಡಲಿ. ಅಧಿಕಾರಿಗಳು ಮನೆಮನೆಯಲ್ಲಿ ವಿಚಾರಿಸಿ ಪಟ್ಟಿಯನ್ನು ಶುದ್ಧಪಡಿಸಲಿ. ಆದರೆ ತಿಳಿವಳಿಕೆ ಕೊಡದೆ ಒಂದು ಹೆಸರನ್ನೂ ಅಳಿಸದಿರಲಿ. ಸರ್ಕಾರದವರು ಪಾಲಿಕೆಯ ಚುನಾವಣೆಯನ್ನು ಅವಧಿ ಮೀರಿ ಇನ್ನೆಂದೂ ಎಳೆಯದಿರಲಿ. ಮತವನ್ನು ಕೇಳುವ ಹಕ್ಕು, ಮತಕ್ಕೆ ಬೆಲೆ ಕೊಟ್ಟವರಿಗೇ ಸಲ್ಲತಕ್ಕುದು.